ಪುಣೆಯಿಂದ ರೋಡ್ ಟ್ರಿಪ್: ಯಾವ ಊರಲ್ಲಿ ತಂಗಿದರೆ ಸುತ್ತಾಟ ಸುಲಭ? ಜುನ್ನರ್‌ನಿಂದ ಕೊಲ್ಹಾಪುರದವರೆಗೆ ಇಲ್ಲಿದೆ ಪೂರ್ಣ ಮಾಹಿತಿ

ಮೂರ್ನಾಲ್ಕು ದಿನ ರಜೆ ಸಿಕ್ಕಿದೆ, ಕಾರು ಇದೆ, ಜತೆಗೆ ಮಕ್ಕಳು ಮತ್ತು ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ. ನೋಡಬೇಕಾದ ಜಾಗಗಳ ಪಟ್ಟಿಯೂ ಸಿದ್ಧವಾಗಿದೆ. ಆದರೆ ರಾತ್ರಿ ಎಲ್ಲಿ ಉಳಿಯುವುದು? ಬಹಳಷ್ಟು ಮಂದಿ ಈ ಪ್ರಶ್ನೆಯನ್ನು ಕೊನೆಗೆ ಕೇಳಿಕೊಳ್ಳುತ್ತಾರೆ. ಕಡಿಮೆ ಬೆಲೆಗೆ ಸಿಕ್ಕ ಕೋಣೆಯನ್ನು ಬುಕ್ ಮಾಡಿ ಹೊರಟುಬಿಡುತ್ತಾರೆ. ಬಳಿಕ ಪ್ರತಿದಿನ ಬೆಳಿಗ್ಗೆ ಬ್ಯಾಗ್ ಕಟ್ಟುವುದು, ಸಂಜೆ ಮಂಜು ಕವಿದ ಘಾಟ್‌ನಲ್ಲಿ ಹೊಸ ಹೋಟೆಲ್ ಹುಡುಕುವುದು, ಇದರಲ್ಲೇ ರಜೆ ಮುಗಿಯುತ್ತದೆ.

ಇದಕ್ಕೆ ಸರಳ ಪರಿಹಾರವಿದೆ. ಒಂದೇ ಊರಲ್ಲಿ ಎರಡು-ಮೂರು ರಾತ್ರಿ ಉಳಿದು, ಅಲ್ಲಿಂದ ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆ ವಾಪಸ್ ಬರುವುದು. ಹೀಗೆ ಉಳಿಯುವ ಊರನ್ನು ಪ್ರವಾಸಿಗರು 'ಬೇಸ್ ಟೌನ್' ಎನ್ನುತ್ತಾರೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೂ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಆ ಕಡೆಗೆ ಕಾರಿನಲ್ಲಿ ಹೋಗುವವರಿಗೂ ಅನುಕೂಲವಾಗುವ ನಾಲ್ಕು ಬೇಸ್ ಟೌನ್‌ಗಳ ವಿವರ ಇಲ್ಲಿದೆ. ಅದಕ್ಕೂ ಮೊದಲು, ಊರನ್ನು ಆರಿಸುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು ನೋಡಬೇಕಾದ್ದು ಸಂಜೆ ವಾಪಸಾಗುವ ದಾರಿ

ಹೋಟೆಲ್‌ನಿಂದ ಪ್ರವಾಸಿ ತಾಣ ಎಷ್ಟು ದೂರ ಎಂದು ಎಲ್ಲರೂ ನೋಡುತ್ತಾರೆ. ಆದರೆ ಬೆಳಿಗ್ಗೆ ಹೋಗುವ ದಾರಿಗಿಂತ ಸಂಜೆ ಬರುವ ದಾರಿ ಮುಖ್ಯ. ಬೆಳಿಗ್ಗೆ ಚಾಲಕನಿಗೆ ದಣಿವಿರುವುದಿಲ್ಲ, ಬೆಳಕೂ ಇರುತ್ತದೆ. ಸಂಜೆ ಹೊತ್ತಿಗೆ ಇವೆರಡೂ ಕಡಿಮೆಯಾಗಿರುತ್ತವೆ.

ಡಿಸೆಂಬರ್ ಆರಂಭದಲ್ಲಿ ಪುಣೆ ಭಾಗದಲ್ಲಿ ಸಂಜೆ 6 ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ 7 ಗಂಟೆ ದಾಟುತ್ತದೆ. ಘಾಟ್ ರಸ್ತೆಯಲ್ಲಿ 30 ಕಿ.ಮೀ. ಸಾಗಲು ಒಂದು ಗಂಟೆ ಎಂದು ಲೆಕ್ಕ ಹಾಕಿದರೆ, ಚಳಿಗಾಲದಲ್ಲಿ ಸಂಜೆ 4.30ಕ್ಕಾದರೂ ಬೆಟ್ಟದಿಂದ ಹೊರಡಬೇಕಾಗುತ್ತದೆ. ಇಷ್ಟು ಸಮಯ ಕೈಯಲ್ಲಿ ಉಳಿಯದಿದ್ದರೆ ಆ ಊರು ನಿಮ್ಮ ಪ್ರವಾಸಕ್ಕೆ ಸೂಕ್ತ ಬೇಸ್ ಅಲ್ಲ.

ಸತಾರಾ, ಕೊಲ್ಹಾಪುರ ಜಿಲ್ಲೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂಬದಿ ದೀಪವೇ ಇರುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಳ್ಳಿ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾರು ಓಡಿಸದಿರುವುದೇ ಕ್ಷೇಮ.

ಊರು ಆರಿಸುವಾಗ ಕೇಳಿಕೊಳ್ಳಬೇಕಾದ 5 ಪ್ರಶ್ನೆಗಳು

1. ಒಂದೂವರೆ ಗಂಟೆಯ ಒಳಗೆ ಏನೇನಿದೆ? ಮ್ಯಾಪ್ ತೆರೆದು ಊರಿನಿಂದ ಒಂದೂವರೆ ಗಂಟೆಯಲ್ಲಿ ತಲುಪಬಹುದಾದ ಜಾಗಗಳನ್ನು ಗುರುತು ಮಾಡಿ. ಕನಿಷ್ಠ ಎರಡು ದಿನ ಸುತ್ತಾಡುವಷ್ಟು ಸ್ಥಳಗಳು ಇರಬೇಕು. ಇಲ್ಲದಿದ್ದರೆ ಅಲ್ಲಿ ಎರಡು ರಾತ್ರಿ ಉಳಿಯುವ ಅಗತ್ಯವಿಲ್ಲ.

2. ಊರು ಘಾಟ್‌ನ ಕೆಳಗಿದೆಯೋ, ಮೇಲಿದೆಯೋ? ಕೆಳಗಿರುವ ಊರಿನಿಂದ ಬೇರೆ ಬೇರೆ ದಿಕ್ಕಿಗೆ ರಸ್ತೆಗಳು ಸಿಗುತ್ತವೆ. ಬೆಟ್ಟದ ಮೇಲಿನ ಊರಿಂದ ಎಲ್ಲಿಗೆ ಹೋಗಬೇಕಾದರೂ ಸಾಮಾನ್ಯವಾಗಿ ಘಾಟ್ ಇಳಿದು, ಮತ್ತೆ ಹತ್ತಬೇಕು.

3. ಆಸ್ಪತ್ರೆ, ಪೆಟ್ರೋಲ್ ಬಂಕ್, ಮೆಕ್ಯಾನಿಕ್ ಇದ್ದಾರೆಯೇ? ತಾಲ್ಲೂಕು ಕೇಂದ್ರಗಳಲ್ಲಿ ಇವೆಲ್ಲ ಇರುತ್ತವೆ. ನಿಸರ್ಗದ ಮಡಿಲಿನ ಒಂಟಿ ರೆಸಾರ್ಟ್‌ನಲ್ಲಿ ಇರುವುದಿಲ್ಲ. ಹಿರಿಯರು ಜತೆಗಿದ್ದರೆ ಇದನ್ನು ಕಡೆಗಣಿಸಬೇಡಿ.

4. ಕಾರು ಹೋಟೆಲ್‌ ಬಾಗಿಲವರೆಗೆ ಹೋಗುತ್ತದೆಯೇ? ಹಳೆಯ ಪೇಟೆಗಳ ಓಣಿಗಳು ಕಿರಿದು. ಬುಕ್ ಮಾಡುವ ಮುನ್ನ ಫೋನ್ ಮಾಡಿ ಪಾರ್ಕಿಂಗ್ ಬಗ್ಗೆ ಕೇಳಿ. ವಾರದ ಸಂತೆ ಯಾವ ದಿನ ಎಂದೂ ಕೇಳಿಕೊಳ್ಳಿ.

5. ಮುಂದಿನ ಪಯಣಕ್ಕೆ ಈ ಊರು ದಾರಿಯಲ್ಲಿದೆಯೇ? ಬೇಸ್‌ನಿಂದ ಬೇಸ್‌ಗೆ ಹೋಗುವಾಗ ಬಂದ ದಾರಿಯಲ್ಲೇ ಹಿಂದಿರುಗುವಂತಾಗಬಾರದು.

ಈ ಲೆಕ್ಕದಲ್ಲಿ ಪುಣೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಮೂರು ಊರುಗಳು ಒಳ್ಳೆಯ ಬೇಸ್ ಆಗುತ್ತವೆ.

ಜುನ್ನರ್: ಕೋಟೆ, ಗುಹೆ, ಅಷ್ಟವಿನಾಯಕ

ಪುಣೆಯಿಂದ ನಾಸಿಕ್ ಹೆದ್ದಾರಿಯಲ್ಲಿ ನಾರಾಯಣಗಾಂವ್‌ವರೆಗೆ ಹೋಗಿ ಎಡಕ್ಕೆ ತಿರುಗಿದರೆ ಜುನ್ನರ್. ಒಟ್ಟು ದೂರ 90ರಿಂದ 95 ಕಿ.ಮೀ. ಛತ್ರಪತಿ ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ಪಟ್ಟಣದ ಪಕ್ಕದಲ್ಲೇ ಇದೆ. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮರಾಠಾ ಸೇನಾ ನೆಲೆಗಳ 12 ಕೋಟೆಗಳಲ್ಲಿ ಇದೂ ಒಂದು.

ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಎರಡು ಇಲ್ಲಿಗೆ ಹತ್ತಿರ. ಲೇಣ್ಯಾದ್ರಿಯ ಗಿರಿಜಾತ್ಮಜ ಗಣಪತಿ ಇರುವುದು ಬೌದ್ಧ ಗುಹಾ ಸಮೂಹದೊಳಗೆ. ಅಲ್ಲಿಗೆ ಸುಮಾರು 300 ಮೆಟ್ಟಿಲು ಹತ್ತಬೇಕು. ಓಝರ್‌ನ ವಿಘ್ನೇಶ್ವರ ದೇವಸ್ಥಾನಕ್ಕೆ ಮೆಟ್ಟಿಲುಗಳ ಕಷ್ಟವಿಲ್ಲ. ಹೀಗಾಗಿ ಬಿಸಿಲೇರುವ ಮೊದಲು ಲೇಣ್ಯಾದ್ರಿ, ಬಳಿಕ ಓಝರ್ ಎಂದು ಇಟ್ಟುಕೊಳ್ಳಿ.

ಎರಡನೇ ದಿನಕ್ಕೆ ನಾಣೇಘಾಟ್ ಇದೆ. ಶಾತವಾಹನರ ಕಾಲದಲ್ಲಿ ಕೊಂಕಣದ ಬಂದರುಗಳಿಂದ ಜುನ್ನರ್‌ಗೆ ಸರಕು ಬರುತ್ತಿದ್ದ ಕಣಿವೆ ದಾರಿ ಇದು. ಇಲ್ಲಿನ ಗುಹೆಯಲ್ಲಿ ರಾಣಿ ನಾಗನಿಕಾಳ ಬ್ರಾಹ್ಮಿ ಲಿಪಿಯ ಶಾಸನವಿದೆ. ಇತಿಹಾಸದ ಬದಲು ವಿಜ್ಞಾನದಲ್ಲಿ ಆಸಕ್ತಿ ಇರುವ ಮಕ್ಕಳಿದ್ದರೆ ನಾರಾಯಣಗಾಂವ್ ಸಮೀಪದ ಖೋಡದ್‌ಗೆ ಕರೆದೊಯ್ಯಬಹುದು. ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್ ಇರುವುದು ಇಲ್ಲೇ. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆಯಬೇಕು.

ಎಚ್ಚರಿಕೆ: ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳ ಓಡಾಟ ಹೆಚ್ಚು. ಜನರ ಮೇಲೆ ದಾಳಿ ನಡೆದ ಉದಾಹರಣೆಗಳೂ ಇವೆ. ಸಂಜೆಯ ನಂತರ ಗದ್ದೆ ಬದಿಯಲ್ಲಿ ಕಾರು ನಿಲ್ಲಿಸಿ ಇಳಿಯಬೇಡಿ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ತೋಟದ ನಡುವಿನ ಹೋಂಸ್ಟೇಗಿಂತ ಪಟ್ಟಣದೊಳಗಿನ ಹೋಟೆಲ್ ಆರಿಸಲು ಇದೂ ಒಂದು ಕಾರಣ.

ವಾಯಿ: ಮಹಾಬಳೇಶ್ವರಕ್ಕೆ ಹೋಗುವವರಿಗೆ ಬುಡದಲ್ಲೇ ಇರುವ ಊರು

ಪುಣೆಯಿಂದ ಸತಾರಾ ಕಡೆಗೆ ಹೋಗುವಾಗ ಖಂಬಾಟ್ಕಿ ಘಾಟ್ ದಾಟಿದ ಮೇಲೆ ಸುರೂರ್ ಬಳಿ ಬಲಕ್ಕೆ ತಿರುಗಿದರೆ ವಾಯಿ. ಪುಣೆಯಿಂದ ಸುಮಾರು 90 ಕಿ.ಮೀ. ಇಲ್ಲಿಂದ ಪಸರಣಿ ಘಾಟ್ ಹತ್ತಿದರೆ ಪಂಚಗಣಿ ಸುಮಾರು 12 ಕಿ.ಮೀ., ಮಹಾಬಳೇಶ್ವರ 32 ಕಿ.ಮೀ. ಆಸುಪಾಸು.

ಮಹಾಬಳೇಶ್ವರದಲ್ಲೇ ಉಳಿಯಬಾರದೇಕೆ ಎಂದು ಕೇಳಬಹುದು. ಅಲ್ಲಿನ ಸೂರ್ಯೋದಯ ನೋಡುವುದು, ತಂಪು ಹವೆಯಲ್ಲಿ ಸುಮ್ಮನೆ ಕೂರುವುದಷ್ಟೇ ಉದ್ದೇಶವಾದರೆ ಅಲ್ಲೇ ಉಳಿಯಿರಿ. ಆದರೆ ಸುತ್ತಲಿನ ಹಳ್ಳಿ, ಕೋಟೆ, ನದಿ ದಡಗಳನ್ನೆಲ್ಲ ನೋಡಬೇಕು ಎಂದಾದರೆ ದಿನವೂ ಘಾಟ್ ಇಳಿದು ಹತ್ತಬೇಕಾಗುತ್ತದೆ. ವಾರಾಂತ್ಯದಲ್ಲಿ ಕೋಣೆ ಬಾಡಿಗೆಯೂ ದುಬಾರಿ, ಪಾರ್ಕಿಂಗೂ ಕಷ್ಟ. ಹವಾಮಾನದ ವ್ಯತ್ಯಾಸವೂ ದೊಡ್ಡದು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಬೆಟ್ಟದ ಪೂರ್ವದ ತಪ್ಪಲಿನಲ್ಲಿರುವ ವಾಯಿಯಲ್ಲಿ ಅದರ ಸಣ್ಣ ಪಾಲಷ್ಟೇ ಬೀಳುತ್ತದೆ. ಮೇಲೆ ಮಂಜು ಮುಸುಕಿದ ದಿನ ಕೆಳಗೆ ಸುತ್ತಾಡಲು ಇಲ್ಲಿ ಬೇರೆ ಜಾಗಗಳಿವೆ.

ವಾಯಿ ಕೃಷ್ಣಾ ನದಿಯ ದಡದ ಊರು. ಮಹಾಬಳೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿ ಜಲಾಶಯ ತುಂಬಿಸುವ ಅದೇ ಕೃಷ್ಣೆ ಇಲ್ಲಿ ಸಣ್ಣ ಹೊಳೆಯಂತೆ ಘಟ್ಟಗಳ ಮೆಟ್ಟಿಲು ಸವರಿಕೊಂಡು ಹರಿಯುತ್ತದೆ. ದಡದಲ್ಲಿರುವ ಢೋಲ್ಯಾ ಗಣಪತಿ ದೇವಸ್ಥಾನವನ್ನು 1762ರಲ್ಲಿ ರಾಸ್ತೆ ಮನೆತನದವರು ಕಟ್ಟಿಸಿದರು. ಮೂರ್ನಾಲ್ಕು ಕಿ.ಮೀ. ದೂರದ ಮೆಣವಲಿಯಲ್ಲಿ ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡೆ ಮತ್ತು ನದಿ ಘಾಟ್ ಇದೆ. ಶಾರುಖ್ ಖಾನ್ ಅಭಿನಯದ 'ಸ್ವದೇಸ್' (2004) ಚಿತ್ರದ ಹಳ್ಳಿ ದೃಶ್ಯಗಳಲ್ಲಿ ಕಾಣುವುದು ಇದೇ ಮೆಣವಲಿ. ಧೋಮ್ ಜಲಾಶಯವೂ ಹತ್ತಿರ.

ಒಂದು ಪೂರ್ಣ ದಿನವನ್ನು ಪ್ರತಾಪಗಡಕ್ಕೆ ಇಡಿ. 1659ರ ನವೆಂಬರ್ 10ರಂದು ಶಿವಾಜಿ ಮತ್ತು ಬಿಜಾಪುರದ ಆದಿಲ್‌ಶಾಹಿ ಸೇನಾನಿ ಅಫ್ಜಲ್ ಖಾನ್ ಮುಖಾಮುಖಿಯಾದದ್ದು ಈ ಕೋಟೆಯ ಬುಡದಲ್ಲಿ. ವಾಯಿಯಿಂದ ಇದು ಒಂದೂವರೆ ಗಂಟೆಯ ಮಿತಿ ಸ್ವಲ್ಪ ದಾಟುತ್ತದೆ. ಆದ್ದರಿಂದ ಬೆಳಿಗ್ಗೆ 7ಕ್ಕೆ ಹೊರಟು ಮೊದಲು ಪ್ರತಾಪಗಡ ನೋಡಿ, ವಾಪಸ್ ಬರುವಾಗ ಮಹಾಬಳೇಶ್ವರ, ಪಂಚಗಣಿ ನೋಡಿಕೊಂಡು ಬೆಳಕಿರುವಾಗಲೇ ಪಸರಣಿ ಘಾಟ್ ಇಳಿಯಿರಿ.

ಸತಾರಾ: ಹೂವಿನ ಕಾಲಕ್ಕೆ ಇದೇ ಸರಿ

ಪುಣೆಯಿಂದ ಸುಮಾರು 110 ಕಿ.ಮೀ. ದೂರದ ಸತಾರಾ ಜಿಲ್ಲಾ ಕೇಂದ್ರ. ದೊಡ್ಡ ಆಸ್ಪತ್ರೆ, ಎಲ್ಲ ದರದ ಹೋಟೆಲ್, ಹೆದ್ದಾರಿ ಸಂಪರ್ಕ ಎಲ್ಲವೂ ಇದೆ. ವಾಯಿ ಮತ್ತು ಸತಾರಾ ನಡುವೆ ಇರುವುದು 35 ಕಿ.ಮೀ. ಅಷ್ಟೇ. ಆದ್ದರಿಂದ ಒಂದೇ ಪ್ರವಾಸದಲ್ಲಿ ಎರಡೂ ಕಡೆ ಕೋಣೆ ಮಾಡುವ ಅಗತ್ಯವಿಲ್ಲ. ಮಹಾಬಳೇಶ್ವರ, ಪ್ರತಾಪಗಡ ಮುಖ್ಯವಾದರೆ ವಾಯಿ, ಕಾಸ್ ಪ್ರಸ್ಥಭೂಮಿ ಮುಖ್ಯವಾದರೆ ಸತಾರಾ ಆರಿಸಿಕೊಳ್ಳಿ.

ಸತಾರಾದಿಂದ ಯವತೇಶ್ವರ ಘಾಟ್ ಮೂಲಕ ಕಾಸ್‌ಗೆ ಸುಮಾರು 25 ಕಿ.ಮೀ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕಾಸ್ ಕೂಡ ಇದೆ. ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಇಲ್ಲಿ ಹೂವಿನ ಹಂಗಾಮು. ಆಗ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ, ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ಪುಣೆಯಿಂದ ಬೆಳಿಗ್ಗೆ ಹೊರಟವರು ಕಾಸ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಜನಸಂದಣಿ ಶುರುವಾಗಿರುತ್ತದೆ. ಸತಾರಾದಲ್ಲಿ ಉಳಿದವರು ಮೊದಲ ತಂಡದಲ್ಲೇ ಒಳಗೆ ಹೋಗಬಹುದು. ಹೂವು ಕೀಳುವುದು, ಗಿಡಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಬೇಡ. ತುಳಿದ ಜಾಗದಲ್ಲಿ ಮುಂದಿನ ವರ್ಷ ಹೂವು ಬರುವುದು ಕಷ್ಟ.

ಸಮರ್ಥ ರಾಮದಾಸರ ಸಮಾಧಿ ಇರುವ ಸಜ್ಜನಗಡ ಮತ್ತು ಠೋಸೇಘರ್ ಜಲಪಾತ ಒಂದೇ ದಿಕ್ಕಿನಲ್ಲಿವೆ, ಎರಡನ್ನೂ ಒಂದೇ ದಿನ ನೋಡಬಹುದು. ಹೆದ್ದಾರಿಗೆ ಹತ್ತಿರದ ಲಿಂಬ್ ಗ್ರಾಮದಲ್ಲಿ 18ನೇ ಶತಮಾನದ 'ಬಾರಾ ಮೋಟೆಚಿ ವಿಹೀರ್' ಇದೆ. ಏಕಕಾಲಕ್ಕೆ 12 ಕಪಿಲೆ ಹೂಡಿ ನೀರೆತ್ತಬಹುದಾಗಿದ್ದ ಈ ಬಾವಿಯೊಳಗೆ ಕಲ್ಲಿನ ಸಣ್ಣ ಅರಮನೆಯೇ ಇದೆ.

ಕೊಲ್ಹಾಪುರ: ಕರ್ನಾಟಕದಿಂದ ಬರುವವರ ಮೊದಲ ಬೇಸ್

ಬೆಳಗಾವಿಯಿಂದ ಸುಮಾರು 110 ಕಿ.ಮೀ., ಪುಣೆಯಿಂದ 230 ಕಿ.ಮೀ. ಬೆಂಗಳೂರು, ಹುಬ್ಬಳ್ಳಿಯಿಂದ ಬರುವವರು ಒಂದೇ ಓಟದಲ್ಲಿ ಪುಣೆ ತಲುಪುವ ಬದಲು ಇಲ್ಲಿ ಎರಡು ರಾತ್ರಿ ಉಳಿಯಬಹುದು. ಮಹಾಲಕ್ಷ್ಮಿ ದರ್ಶನ ಮುಗಿಸಿ ಮುಂದೆ ಹೋಗುವವರೇ ಹೆಚ್ಚು. ಆದರೆ ಊರ ಸುತ್ತ ಎರಡು ದಿನಕ್ಕೆ ಸಾಲದಷ್ಟು ಜಾಗಗಳಿವೆ.

ಪಶ್ಚಿಮಕ್ಕೆ 20 ಕಿ.ಮೀ. ದೂರದಲ್ಲಿ ಪನ್ಹಾಳಾ ಕೋಟೆ, ಹಾದಿಯಲ್ಲೇ ಜ್ಯೋತಿಬಾ ಬೆಟ್ಟ. 1660ರಲ್ಲಿ ಆದಿಲ್‌ಶಾಹಿ ಸೇನೆಯ ಮುತ್ತಿಗೆಯಿಂದ ಶಿವಾಜಿ ಮಳೆಯ ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋದದ್ದು ಈ ಕೋಟೆಯಿಂದ. ಇದೂ ಯುನೆಸ್ಕೋ ಪಟ್ಟಿಯಲ್ಲಿದೆ.

ಪೂರ್ವಕ್ಕೆ ಹೋದರೆ ಕೃಷ್ಣಾ-ಪಂಚಗಂಗಾ ಸಂಗಮದ ನರಸೋಬಾವಾಡಿ. ಅಲ್ಲಿಂದ ಮುಂದೆ ಖಿದ್ರಾಪುರ. ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯ ಕನ್ನಡಿಗರು ನೋಡಲೇಬೇಕಾದದ್ದು. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಸ್ವರ್ಗಮಂಟಪದ ಚಾವಣಿಯ ನಡುವೆ ದುಂಡಗಿನ ತೆರವು ಇದ್ದು, ನೆತ್ತಿಯ ಮೇಲೆ ಆಕಾಶ ಕಾಣುತ್ತದೆ. ನದಿಯ ಆಚೆ ದಡ ಬೆಳಗಾವಿ ಜಿಲ್ಲೆ. ಈ ಗಡಿ ಹಳ್ಳಿಗಳಲ್ಲಿ ಕನ್ನಡದಲ್ಲೇ ದಾರಿ ಕೇಳಿದರೂ ಉತ್ತರ ಸಿಗುತ್ತದೆ.

ದಕ್ಷಿಣಕ್ಕೆ ಹೆದ್ದಾರಿ ಸಮೀಪದ ಕಣೇರಿ ಮಠದಲ್ಲಿ ಹಳೆಯ ಗ್ರಾಮಜೀವನವನ್ನು ಆಳೆತ್ತರದ ಶಿಲ್ಪಗಳಲ್ಲಿ ತೋರಿಸುವ ಸಿದ್ಧಗಿರಿ ಮ್ಯೂಸಿಯಂ ಇದೆ. ಊರಿಗೆ ಮರಳುವ ದಿನ ಬೆಳಿಗ್ಗೆ ನೋಡಿಕೊಂಡು ಹೋಗಬಹುದು.

ಮಳೆಗಾಲದಲ್ಲಿ ಹೋಗುವವರು ಇದನ್ನು ಓದಿ

ಸಹ್ಯಾದ್ರಿಯ ಹಸಿರು ನೋಡಲು ಜುಲೈ, ಆಗಸ್ಟ್‌ನಲ್ಲೇ ಹೆಚ್ಚು ಜನ ಹೋಗುತ್ತಾರೆ. ಅಪಾಯವೂ ಆಗಲೇ ಹೆಚ್ಚು. 2014ರ ಜುಲೈ 30ರಂದು ಜುನ್ನರ್ ಪಕ್ಕದ ಆಂಬೇಗಾಂವ್ ತಾಲ್ಲೂಕಿನ ಮಾಳಿಣ್ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಡ್ಯಾಂ ಸಮೀಪದ ಜಲಪಾತದಲ್ಲಿ ದಿಢೀರನೆ ನೀರು ಏರಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ಪುಣೆ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಮೃತಪಟ್ಟರು.

ಆದ್ದರಿಂದ ಮಳೆಗಾಲದ ಬೇಸ್ ಟೌನ್‌ಗೆ ಒಂದಕ್ಕಿಂತ ಹೆಚ್ಚು ಹೊರದಾರಿ ಇರಬೇಕು. ಬೆಟ್ಟದ ಬುಡಕ್ಕೆ ಅಂಟಿಕೊಂಡಿರುವ ಅಥವಾ ಹೊಳೆಯ ಅಂಚಿನಲ್ಲೇ ಇರುವ ಹೋಂಸ್ಟೇ ಬೇಡ. ಭೋರ್‌ನಿಂದ ಮಹಾಡ್‌ಗೆ ಇಳಿಯುವ ವರಂಧಾ ಘಾಟ್ ಅನ್ನು ಮಳೆಗಾಲದಲ್ಲಿ ಆಗಾಗ ಮುಚ್ಚುತ್ತಾರೆ. ಕೊಲ್ಹಾಪುರದಲ್ಲಿ ಪಂಚಗಂಗಾ ಉಕ್ಕಿದರೆ ಹೆದ್ದಾರಿಯೇ ಬಂದ್ ಆಗುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹದಲ್ಲಿ ಹೀಗೇ ಆಗಿತ್ತು. ಜೂನ್-ಜುಲೈನಲ್ಲಿ ಆಳಂದಿ, ದೇಹೂವಿನಿಂದ ಪಂಢರಪುರಕ್ಕೆ ಪಾಲಖಿ ಹೊರಡುವ ದಿನಗಳಲ್ಲೂ ಹಲವು ರಸ್ತೆಗಳ ಸಂಚಾರ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಅಲರ್ಟ್ ನೋಡಿ. ರೆಡ್ ಅಲರ್ಟ್ ಇದ್ದರೆ ಮುಂಗಡ ಹಣ ಹೋದರೂ ಪ್ರವಾಸ ಮುಂದೂಡಿ.

4 ದಿನದ ಪ್ಲಾನ್ ಹೀಗಿರಲಿ

ಪುಣೆಯಿಂದ ಹೊರಡುವವರಿಗೆ (ಬೇಸ್: ವಾಯಿ, 3 ರಾತ್ರಿ)

ದಿನ 1: ಬೆಳಿಗ್ಗೆ 7ಕ್ಕೆ ಹೊರಟು ವಾಯಿ. ಮಧ್ಯಾಹ್ನದ ನಂತರ ಮೆಣವಲಿ, ಸಂಜೆ ಢೋಲ್ಯಾ ಗಣಪತಿ ಮತ್ತು ನದಿ ದಡ.
ದಿನ 2: ಪ್ರತಾಪಗಡ, ಮಹಾಬಳೇಶ್ವರ, ಪಂಚಗಣಿ. ಕತ್ತಲಾಗುವ ಮೊದಲು ವಾಪಸ್.
ದಿನ 3: ಲಿಂಬ್ ಬಾವಿ, ಸಜ್ಜನಗಡ. ಸಂಜೆ ವಾಯಿಗೆ.
ದಿನ 4: ತಿಂಡಿ ಮುಗಿಸಿ ಪುಣೆಗೆ.

ಕೊನೆಯ ದಿನ ಸಂಜೆಯವರೆಗೆ ಕಾಯಬೇಡಿ. ಭಾನುವಾರ ಸಂಜೆ ಪುಣೆಗೆ ಮರಳುವ ವಾಹನಗಳ ದಟ್ಟಣೆ ವಿಪರೀತ. ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಅಪಘಾತಗಳಿಗೆ ಹೆಸರಾದದ್ದು. ಬ್ರೇಕ್ ವಿಫಲವಾದ ಲಾರಿಗಳು ಇಲ್ಲಿ ಹಲವು ಸಲ ಸಾಲು ವಾಹನಗಳಿಗೆ ಗುದ್ದಿವೆ. ಈ ಭಾಗದಲ್ಲಿ ನಿಧಾನವಾಗಿ, ಭಾರಿ ವಾಹನಗಳಿಂದ ದೂರ ಇದ್ದು ಸಾಗಿ.

ಕರ್ನಾಟಕದಿಂದ ಹೊರಡುವವರಿಗೆ (ಬೇಸ್: ಕೊಲ್ಹಾಪುರ 2 ರಾತ್ರಿ, ಸತಾರಾ 2 ರಾತ್ರಿ)

ಮೊದಲ ದಿನ ಕೊಲ್ಹಾಪುರ ತಲುಪಿ ಮಹಾಲಕ್ಷ್ಮಿ ದರ್ಶನ. ಎರಡನೇ ದಿನ ನರಸೋಬಾವಾಡಿ, ಖಿದ್ರಾಪುರ. ಮೂರನೇ ದಿನ ಬೆಳಿಗ್ಗೆ ಪನ್ಹಾಳಾ ನೋಡಿ ಮಧ್ಯಾಹ್ನ ಸತಾರಾಗೆ ಹೊರಡಿ, ದೂರ 120 ಕಿ.ಮೀ. ನಾಲ್ಕನೇ ದಿನ ಕಾಸ್ ಅಥವಾ ಸಜ್ಜನಗಡ. ಐದನೇ ದಿನ ಊರಿಗೆ.

ವಿದೇಶದ ರೋಡ್ ಟ್ರಿಪ್‌ಗೂ ಇದೇ ಲೆಕ್ಕ

ಇಲ್ಲಿ ಒಂದೆರಡು ಬಾರಿ ಹೀಗೆ ಸುತ್ತಾಡಿದ ಅನುಭವ ವಿದೇಶದಲ್ಲೂ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡ್‌ನ ಕಾಟ್ಸ್‌ವೋಲ್ಡ್ಸ್ ಹಳ್ಳಿಗಳನ್ನು ನೋಡಲು ಹೋಗುವವರು ಫೋಟೊಗಳಲ್ಲಿ ಕಾಣುವ ಬೈಬರಿಯಂಥ ಪುಟ್ಟ ಹಳ್ಳಿಯಲ್ಲೇ ಕೋಣೆ ಹುಡುಕುತ್ತಾರೆ. ಅಂಗಡಿ, ಊಟ, ರೈಲು ನಿಲ್ದಾಣ ಇರುವ ಮೋರ್ಟನ್-ಇನ್-ಮಾರ್ಷ್‌ನಂಥ ಪೇಟೆಯಲ್ಲಿ ಉಳಿದರೆ ಸುತ್ತಲಿನ ಹಳ್ಳಿಗಳೆಲ್ಲ ಕೈಗೆಟುಕುತ್ತವೆ. ಅಲ್ಲಿಯೂ ಎಡಬದಿ ಚಾಲನೆ ಇರುವುದರಿಂದ ನಮಗೆ ಅನುಕೂಲ. ಆದರೆ ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೇ ಕತ್ತಲಾಗುತ್ತದೆ. ಬೇಸಿಗೆಯಲ್ಲಿ ರಾತ್ರಿ 9ರವರೆಗೂ ಬೆಳಕು. ಒಂದೇ ಪ್ಲಾನ್ ಎರಡೂ ಕಾಲಕ್ಕೆ ಹೊಂದುವುದಿಲ್ಲ.

ಇಟಲಿಯ ಹಳೆಯ ಪಟ್ಟಣಗಳ ಕೇಂದ್ರ ಭಾಗಕ್ಕೆ ಹೊರಗಿನವರ ಕಾರುಗಳಿಗೆ ಪ್ರವೇಶ ಇರುವುದಿಲ್ಲ. ಕ್ಯಾಮೆರಾದಲ್ಲಿ ನಂಬರ್ ದಾಖಲಾಗಿ ದಂಡದ ನೋಟಿಸ್ ಬರುತ್ತದೆ. ಹಾಗಾಗಿ ಕೋಟೆಗೋಡೆಯ ಹೊರಗೆ, ಪಾರ್ಕಿಂಗ್ ಇರುವ ಕಡೆ ಉಳಿಯುವುದು ಒಳ್ಳೆಯದು. ಹಳ್ಳಿ ಭಾಗದ ಸಣ್ಣ ಹೋಟೆಲ್‌ಗಳಲ್ಲಿ ರಾತ್ರಿ ರಿಸೆಪ್ಶನ್ ಮುಚ್ಚಿರುತ್ತದೆ. ತಡವಾಗುವುದಿದ್ದರೆ ಮೊದಲೇ ತಿಳಿಸಿ ಕೀಲಿಯ ವ್ಯವಸ್ಥೆ ಮಾಡಿಕೊಳ್ಳಬೇಕು.

ಅಂತಾರಾಷ್ಟ್ರೀಯ ಚಾಲನಾ ಪರವಾನಗಿಗೆ ನಿಮ್ಮ ಆರ್‌ಟಿಒ ಕಚೇರಿಗೆ ಫಾರ್ಮ್ 4ಎ ಮೂಲಕ ಅರ್ಜಿ ಹಾಕಬೇಕು. ಪರಿವಾಹನ್ ಪೋರ್ಟಲ್‌ನಲ್ಲೂ ಅರ್ಜಿ ಸಲ್ಲಿಸಬಹುದು. ಇದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸ್ ಕೂಡ ಜತೆಗಿರಲಿ.

ಹೊರಡುವ ಮುನ್ನ ಈ ಪಟ್ಟಿ ನೋಡಿಕೊಳ್ಳಿ

* ಒಂದೇ ಊರಲ್ಲಿ ಕನಿಷ್ಠ 2 ರಾತ್ರಿ ಬುಕ್ ಮಾಡಿ.
* ಪ್ರತಿದಿನದ ಕೊನೆಯ ಸ್ಥಳದಿಂದ ಹೊರಡುವ ಗಂಟೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.
* ದೂರದ ಜಾಗ ಬೆಳಿಗ್ಗೆ, ಹತ್ತಿರದ್ದು ಸಂಜೆ.
* ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿ. ಘಾಟ್‌ಗಳಲ್ಲಿ ನೆಟ್‌ವರ್ಕ್ ನಂಬಬೇಡಿ.
* ಬೇಸ್ ಟೌನ್ ಬಿಡುವ ಮುನ್ನವೇ ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯ ಗಾಳಿ ಪರೀಕ್ಷಿಸಿ.
* ಅಪ್ಪ-ಅಮ್ಮನ ಔಷಧಿ ಚೀಟಿ ಮತ್ತು ಊರಿನ ಆಸ್ಪತ್ರೆಯ ವಿಳಾಸ ಮೊಬೈಲ್‌ನಲ್ಲಿರಲಿ.
* ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಿ.

ಪಟ್ಟಿಯಲ್ಲಿದ್ದ ಒಂದೆರಡು ಜಾಗ ಬಿಟ್ಟುಹೋದರೆ ಬೇಸರ ಬೇಡ. ಪುಣೆಗೆ ಇವೆಲ್ಲ ಹತ್ತಿರದ ಊರುಗಳೇ, ಮುಂದಿನ ರಜೆಯಲ್ಲಿ ಮತ್ತೆ ಹೋಗಬಹುದು. ಮನೆಮಂದಿಯೆಲ್ಲ ಬೆಳಕಿರುವಾಗಲೇ ಕೋಣೆ ಸೇರಿ, ಬಿಸಿ ಪಿಠಲ-ಭಾಕ್ರಿ ಊಟ ಮಾಡಿ ಮಲಗುವಂತಿದ್ದರೆ ನೀವು ಆರಿಸಿದ ಊರು ಸರಿಯಾಗಿದೆ ಎಂದೇ ಅರ್ಥ.